ಗುರುತಿಲ್ಲದ ಕುರಿಗಳು

ತಮ್ಮ ನಿವೃತ್ತಿಯ ಬೀಳ್ಕೊಡುಗೆಗೆ ಬರಬೇಕಾದರೆ ನಮ್ಮ ಸರ್ ಒಂದು ಷರತ್ತು ಹಾಕಿದ್ದರು. ವೇದಿಕೆ ಮೇಲೆ ತಮ್ಮ ಬಗ್ಗೆ ಮಾತಾಡುವವರು ತಮ್ಮನ್ನು ಅದಕ್ಕೆ ಮೊದಲು ನೋಡಿರಬಾರದು. ನಮ್ಮ ಕಾಲೇಜಿನ ಈಗಿನ ಪ್ರಿನ್ಸಿಪಾಲರು ಹೊಸಬರು. ಮೊದಲು ನಕ್ಕರಂತೆ, ಆಮೇಲೆ ಅದು ತಮಾಷೆಯಲ್ಲ ಎಂದು ತಿಳಿದು ನನಗೆ ಫೋನ್ ಮಾಡಿದರು.

"ಮೂವತ್ತು ವರ್ಷ ಇಲ್ಲೇ ದುಡದಾರ. ಅವರ ಗುರ್ತಿಲ್ಲದವ್ರನ್ನ ಶಹಾಪುರದಾಗ ನಾ ಎಲ್ಲಿಂದ ತರ್ಲಿ? ನೀವು ಅವರ ಶಿಷ್ಯರು, ನೀವೇ ಏನರೆ ದಾರಿ ಹೇಳ್ರಿ" ಎಂದರು.

ನನಗೂ ನಗು ಬಂತು. ಎಂಟು ವರ್ಷದ ಹಿಂದೆ ಇಂಥದೇ ಮಾತಿಗೆ ನಾನು ಕಾಲೇಜಿನ ಗೇಟಿನ ಮುಂದೆ ನಿಂತು ಅತ್ತಿದ್ದೆ.

ಅವರು ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದವರು. ನಾವೆಲ್ಲ ವರ್ಕ್‌ಶಾಪ್ ಸರ್ ಎಂದೇ ಕರೆಯುತ್ತಿದ್ದೆವು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸುರಪುರದಿಂದ ಫೋನ್ ಬರುತ್ತದೆ, ಬೈಸಿಕೊಳ್ಳಬೇಕಾಗುತ್ತದೆ. ಸುರಪುರದಲ್ಲಿ ಅವರ ಮನೆ. ದಿನಾ ಬಸ್ಸಿನಲ್ಲಿ ಶಹಾಪುರಕ್ಕೆ ಬಂದು ಹೋಗುತ್ತಿದ್ದರು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಲ್ಲುವುದು. ಎತ್ತರದ ಆಳು, ಮೈಯಲ್ಲಿ ಮಾಂಸವಿಲ್ಲ, ಮಾತಿನಲ್ಲಿ ಮೆತ್ತಗಿನದು ಏನೂ ಇಲ್ಲ. ಅವರ ಜೇಬಿನಲ್ಲಿ ಪೆನ್ ಇರುತ್ತಿರಲಿಲ್ಲ, ಒಂದು ಹಿಡಿ ಹತ್ತಿ ಇರುತ್ತಿತ್ತು. ನಾವು ಅರ ಹಾಕಿ ನುಣುಪು ಮಾಡಿದ ಕಬ್ಬಿಣದ ತುಂಡನ್ನು ತೋರಿಸಿದರೆ ಅದನ್ನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಹತ್ತಿಯನ್ನು ಅಂಚಿನ ಮೇಲೆ ಎಳೆಯುತ್ತಿದ್ದರು. ಒಂದು ಎಳೆ ಸಿಕ್ಕಿಕೊಂಡರೂ ತುಂಡು ವಾಪಸ್ಸು.

"ಕಣ್ಣಿಲೆ ನೋಡ್ರಿ ಸರ್, ಎಷ್ಟು ಛಲೋ ಆಗ್ಯಾದ" ಎಂದು ನಾವು ಗೋಗರೆಯುವುದು.

"ನನ್ನ ಕಣ್ಣಿಗಿ ನಿನ್ನ ಗುರ್ತದ. ಹತ್ತಿಗಿ ಇಲ್ಲ" ಎಂದು ಅವರು.

ಚಹಾ ಮಾತ್ರ ಅವರ ದೌರ್ಬಲ್ಯ ಅನ್ನಬಹುದಿತ್ತು, ಅದರಲ್ಲೂ ಶಿಸ್ತು. ಗೇಟಿನೆದುರಿನ ಅಂಗಡಿಯಲ್ಲಿ ಹನ್ನೊಂದಕ್ಕೊಂದು, ನಾಲ್ಕಕ್ಕೊಂದು. ಕಪ್ಪು ಖಾಲಿಯಾದ ಕೂಡಲೇ ಎದ್ದುಬಿಡುತ್ತಿದ್ದರು. ಜೊತೆಗಿದ್ದವರದು ಅರ್ಧ ಉಳಿದಿದ್ದರೂ ಕಾಯುತ್ತಿರಲಿಲ್ಲ. ಕೂತಲ್ಲೇ ಎರಡನೇ ಕಪ್ಪು ಕುಡಿದದ್ದನ್ನು ನಾಲ್ಕು ವರ್ಷದಲ್ಲಿ ನಾವ್ಯಾರೂ ನೋಡಲಿಲ್ಲ.

ನಾನು ಮೂರನೇ ವರ್ಷದಲ್ಲಿದ್ದಾಗ ಕಾಲೇಜಿಗೆ ಸ್ಟಾರ್ಟಪ್ ಕೇಂದ್ರ ಬಂತು. ಬಂತು ಅಂದರೆ, ಕ್ರಿಕೆಟ್ ಬ್ಯಾಟು, ಹರಿದ ವಾಲಿಬಾಲ್ ನೆಟ್ಟು ಇಟ್ಟಿದ್ದ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆದು ಬೋರ್ಡು ಹಾಕಿದರು. ಉಸ್ತುವಾರಿ ಯಾರಿಗೆ ಎಂಬ ಪ್ರಶ್ನೆ ಬಂದಾಗ ದೊಡ್ಡ ಓದಿನವರೆಲ್ಲ ಜಾರಿಕೊಂಡರು, ಬೀಗದ ಕೈ ವರ್ಕ್‌ಶಾಪ್ ಸರ್ ಕೈಗೆ ಬಿತ್ತು. ಆ ಕೋಣೆಗೆ ಮೊದಲು ಹೋಗಿ ಕೂತವಳು ನಾನು.

ನಮ್ಮದು ವಡಗೇರಾ ಕಡೆಯ ಹಳ್ಳಿ. ಮಳೆ ನಂಬಿದ ಹೊಲ ಸ್ವಲ್ಪ, ಉಳಿದದ್ದೆಲ್ಲ ಕುರಿ. ಕಾಕಾ ಮತ್ತು ಕಾಕಿ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಹೊತ್ತು ಮುಳುಗುವುದರೊಳಗೆ ಸುತ್ತ ಗೂಟ ಹೊಡೆದು ಬಲೆ ಕಟ್ಟಬೇಕು. ಅದು ಮೂರು ನಾಲ್ಕು ಜನರ ಕೆಲಸ. ಮುಂದಿನ ಊರಿನ ಹೊಲ ಮಾತಾಡಿಕೊಂಡು ಬರಲು ಕಾಕಾ ಹೋದ ಒಂದು ದಿನ ಕಾಕಿ ಒಬ್ಬಳೇ ಕಟ್ಟಿದ್ದಳು. ಗೂಟ ಸಡಿಲಾಗಿ ಬಲೆ ಬಿತ್ತು, ತೋಳ ಏಳು ಮರಿಗಳನ್ನು ಒಯ್ದಿತು. ಯಾರೂ ಏನೂ ಅನ್ನದಿದ್ದರೂ ಕಾಕಿ ಅದನ್ನು ತನ್ನ ತಪ್ಪೆಂದು ಹೇಳಿಕೊಳ್ಳುತ್ತಲೇ ಇದ್ದಳು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ಆಕೆ ಒಬ್ಬಳೇ ನಿಲ್ಲಿಸಬಲ್ಲಂಥ, ನಿಲ್ಲಿಸಿದ ಮೇಲೆ ಬೀಳದಂಥ ಬಲೆ ಮಾಡಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಸ್ಟಾರ್ಟಪ್ ಎಂಬ ಶಬ್ದ ಆಮೇಲೆ ಬಂದು ಅಂಟಿಕೊಂಡಿತು.

ಆರು ತಿಂಗಳಿಗೆ ಒಂದು ಬಲೆ ಆಯಿತು. ಮಡಚುವ ಹಗುರ ಕೊಳವೆ ಕಂಬಗಳು, ಅವಕ್ಕೆ ಮೊದಲೇ ಹೊಲಿದ ಬಲೆ, ಕೆಳಗೆ ಚೂಪು ಗೂಟಗಳು. ಕಾಕಾ ಆಗ ಶಹಾಪುರದ ಹತ್ತಿರವೇ ಹಿಂಡು ಬಿಟ್ಟಿದ್ದ. ಇಪ್ಪತ್ತು ಕುರಿಗಳನ್ನು ಕಾಲೇಜಿನ ಮೈದಾನಕ್ಕೆ ಹೊಡೆದುಕೊಂಡು ಬಂದ. ನಾನೊಬ್ಬಳೇ ಬಲೆ ನಿಲ್ಲಿಸಿ, ಕುರಿಗಳನ್ನು ಒಳಗೆ ಬಿಟ್ಟೆ. ಒಂದೂ ಅಲುಗಲಿಲ್ಲ. ಆಗಿನ ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು, ಹುಡುಗರು ಫೋಟೋ ತೆಗೆದರು. ಕಾಲೇಜಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಎಂದು ಅಲ್ಲೇ ಘೋಷಣೆಯೂ ಆಯಿತು.

ಸರ್ ಮಾತ್ರ ಹತ್ತಿಯ ಉಂಡೆಯನ್ನು ಬೆರಳಲ್ಲಿ ತಿರುವುತ್ತ ನಿಂತಿದ್ದರು. ಬಲೆಯ ಪಕ್ಕದಲ್ಲಿ ಕೋಲೂರಿ ಕೂತಿದ್ದ ಕಾಕಾನ ಹತ್ತಿರ ಹೋದರು.

"ಯಜಮಾನ್ರ, ಬರ್ರಿ, ಚಹಾ ಕುಡ್ಯೂಣು."

"ಕುರಿ ಅದಾವಲ್ರಿ."

"ಬಲಿ ಅದಲ್ರಿ. ಬರ್ರಿ."

ಇಬ್ಬರೂ ಗೇಟು ದಾಟಿದರು. ಕಾಕಾನ ತಲೆ ಮರೆಯಾದದ್ದೇ ತಡ, ಮುಂದಿನ ಕುರಿ ಮೂತಿಯನ್ನು ಬಲೆಯ ಕೆಳಗೆ ತೂರಿಸಿ ಎತ್ತಿತು. ಎರಡು ಗೂಟ ಕಿತ್ತವು, ಕಂಬ ವಾಲಿತು. ನಾನು ಕೂಗುತ್ತಿದ್ದಂತೆ ಇಪ್ಪತ್ತೂ ಕುರಿಗಳು ಪ್ರಿನ್ಸಿಪಾಲರ ಪಕ್ಕದಿಂದಲೇ ಸಾಲು ಹಿಡಿದು ಚಹಾ ಅಂಗಡಿಗೆ ನಡೆದವು. ಕಾಕಾನ ಕಪ್ಪು ಇನ್ನೂ ಅರ್ಧ ಇತ್ತಂತೆ.

ನನಗೆ ಬಂದ ಸಿಟ್ಟನ್ನು ಈಗ ನೆನೆಸಿದರೂ ಕಿವಿ ಬಿಸಿಯಾಗುತ್ತದೆ. ಗೇಟಿಗೆ ಹೋಗಿ, ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ನೀವು ಬೇಕಂತಲೇ ಮಾಡಿದಿರಿ ಎಂದು ಅತ್ತೆ. ಅವರು ಸಮಾಧಾನ ಹೇಳಲಿಲ್ಲ.

"ಆ ಕುರಿ ನಿಂತಿದ್ದು ಬಲಿಗಲ್ಲ ತಂಗಿ, ನಿಮ್ಮ ಕಾಕಾಗ. ಬಲಿ ಇಲ್ಲದಿದ್ರೂ ನಿಲ್ತಿದ್ವು. ನಾವೂ ಚಪ್ಪಾಳಿ ಹೊಡದದ್ದು ಬಲಿಗಲ್ಲ, ನಿನಗ. ಇಲ್ಲಿ ನಿನ್ನ ಗುರ್ತಿಲ್ಲದವ್ರು ಯಾರದಾರ ಹೇಳು."

ಎರಡು ದಿನ ಅವರ ಮುಖ ನೋಡಲಿಲ್ಲ. ಮೂರನೇ ದಿನ ಅವರೇ ಬಂದು, ಆದಿತ್ಯವಾರ ಬಲೆ ತಗೊಂಡು ಬಾ, ಗುರುತಿಲ್ಲದ ಊರಿಗೆ ಹೋಗೋಣ ಎಂದರು. ಯಾರಿಗೂ ನಮ್ಮ ಹೆಸರು ಹೇಳಬಾರದು, ಬಲೆ ತೋರಿಸಬೇಕು, ಬೈಗುಳ ಕೇಳಿಕೊಂಡು ಬರಬೇಕು. ಇದು ಅವರ ಯೋಜನೆ.

ಯೋಜನೆ ಬಿದ್ದದ್ದು ನಮ್ಮ ಸೀಮೆಯ ಬೀಗತನದ ಮುಂದೆ. ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತು ಹೆಜ್ಜೆ ಹಾಕಿಲ್ಲ, ನಮ್ಮ ಸೋದರಮಾವನ ಷಡ್ಡಕ ಎದುರಿಗೆ ಬಂದ. ಬಲೆ ಬಿಚ್ಚುವ ಮೊದಲೇ "ನಮ್ಮ ಹುಡುಗಿ ಮಾಡ್ಯಾಳ, ಭಾಳ ಛಲೋ ಅದ" ಎಂದು ಇಡೀ ಬಜಾರಿಗೆ ಸಾರಿದ. ಮುಂದಿನ ವಾರ ತಿಂಥಣಿಗೆ ಹೋದೆವು. ಅಲ್ಲಿ ಗುಡಿಯ ಮುಂದೆ ಕುರಿಯವನೊಬ್ಬ ಬಲೆಯನ್ನು ತಿರುವಿ ತಿರುವಿ ನೋಡಿ, ಏನೋ ತಕರಾರು ಹೇಳಲು ಬಾಯಿ ತೆರೆದ. ನನಗೆ ಖುಷಿಯಾಯಿತು. ಅಷ್ಟರಲ್ಲಿ ಯಾವೂರು, ಯಾರ ಮಗಳು ಎಂದು ಕೇಳಿದ. ಸರ್ ಕಣ್ಣು ಸನ್ನೆ ಮಾಡುತ್ತಿದ್ದರೂ ಬಾಯಿ ಜಾರಿತು. ಅವನ ಅಕ್ಕನನ್ನು ನಮ್ಮೂರಿಗೆ ಕೊಟ್ಟಿದ್ದಾರೆ. ಹೇಳಬೇಕಾದ ತಕರಾರು ನುಂಗಿಕೊಂಡು ಊಟಕ್ಕೆ ಕರೆದ. ಮೂರನೇ ವಾರ ಅಬ್ಬೆತುಮಕೂರಿನ ಮಠದ ಬಾಗಿಲಲ್ಲಿ ನನ್ನ ಸ್ವಂತ ಅತ್ತೆಯೇ ಸಿಕ್ಕಳು.

ವಾಪಸ್ ಬರುವ ಬಸ್ಸಿನಲ್ಲಿ ಸರ್ ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದಲೇ ಅಂದರು, "ನಿಮ್ಮ ಬಳಗ ಭಾಳ ಆತವಾ. ಜಿಲ್ಲಾ ಬಿಟ್ಟು ಹೋಗ್ಬೇಕು ನೀ."

ಅವರು ತಂದ ಅರ್ಜಿ ಹುಬ್ಬಳ್ಳಿಯ ಒಂದು ಸ್ಟಾರ್ಟಪ್ ಕೇಂದ್ರದ್ದು. ಆರು ತಿಂಗಳು ಅಲ್ಲೇ ಇರಬೇಕು, ಬೇರೆ ಬೇರೆ ಕಡೆಯಿಂದ ಬಂದವರ ಜೊತೆ ಕೆಲಸ ಮಾಡಬೇಕು. ನಾನು ಒಪ್ಪಲಿಲ್ಲ. ನಮ್ಮದೇ ಕಾಲೇಜಿನಲ್ಲಿ ಕೇಂದ್ರ ಇದೆ, ಕೋಣೆ ಇದೆ, ನೀವಿದ್ದೀರಿ, ನಾನು ಯಾಕೆ ಹೋಗಬೇಕು ಎಂದೆ.

"ನಾ ಅದೀನಿ. ಅದೇ ಅಡಚಣಿ" ಎಂದರು. "ಕೋಣಿ ಕೊಡಾಂವ ನಾ, ದಸ್ಕತ್ ಮಾಡಾಂವ ನಾ, ಮಾರ್ಕ್ಸ್ ಹಾಕಾಂವ ನಾ, ಛಲೋ ಆಗ್ಯಾದ ಅನ್ನಾಂವನೂ ನಾ. ನಾ ಲೇತ್ ಮಷೀನ್ ನೋಡಿದಾಂವ. ನನಗ ಗೊತ್ತಿಲ್ಲದ್ದು ನಿನಗ ಯಾರು ಹೇಳ್ಬೇಕು?"

ಆಮೇಲೆ ಕಾಲೇಜಿನ ಕೇಂದ್ರದ ಕರಾರು ಪತ್ರವನ್ನು ಮುಂದಿಟ್ಟು ಗಟ್ಟಿಯಾಗಿ ಓದಿಸಿದರು. ನಾನು ಅದಕ್ಕೆ ಓದದೆಯೇ ಸಹಿ ಹಾಕುವವಳಿದ್ದೆ. ಆ ಕೋಣೆಯಲ್ಲಿ ತಯಾರಾದದ್ದರ ಮೇಲೆ ಕಾಲೇಜಿನ ಹಕ್ಕು ಇರುತ್ತದೆ ಎಂಬ ಒಂದು ಸಾಲು ಅದರಲ್ಲಿತ್ತು. ಹೊರಗಿನದೆಲ್ಲ ಒಳ್ಳೆಯದು ಎಂಬ ಭ್ರಮೆಯೂ ಅವರಿಗಿರಲಿಲ್ಲ. ಬೇರೊಂದು ಊರಿನ ಅರ್ಜಿಯನ್ನೂ ತಂದಿದ್ದರು. ಅದನ್ನು ಓದಿ, ಇವರು ಕಲಿಸುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು ಎಂದು ಮಡಚಿ ಕಿಟಕಿಯ ಸಂದಿಗೆ ತುರುಕಿದರು. ಮಳೆಗಾಲದಲ್ಲಿ ಆ ಸಂದಿಯಿಂದ ನೀರು ಬರುತ್ತಿತ್ತು.

ಹುಬ್ಬಳ್ಳಿಗೆ ಅರ್ಜಿ ಹಾಕಿ, ಸಂದರ್ಶನದ ದಿನ ಗೊತ್ತಾದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಅದೇ ದಿನ ಕಾಲೇಜಿಗೆ ತಪಾಸಣೆ ಸಮಿತಿ ಬರುವುದಿತ್ತು. ಕೇಂದ್ರದಲ್ಲಿ ತೋರಿಸಲು ಇದ್ದದ್ದು ನನ್ನ ಬಲೆ ಒಂದೇ. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ಕಾಲೇಜಿನ ಮಾನದ ಪ್ರಶ್ನೆ ಅವರದು.

"ಹುಬ್ಬಳ್ಳಿಗಿ ಮುಂದಿನ ವರ್ಷ ಹೋಗ್ಲಿ. ಆ ದಿನ ಟೇಬಲ್ ಖಾಲಿ ಇದ್ರ ಕೇಂದ್ರ ನಿಮ್ಮ ಕೈಯಾಗ ಇರಂಗಿಲ್ಲ. ಈಗೇ ಹೇಳೀನಿ" ಎಂದು ಸರ್ ಕಡೆ ನೋಡಿದರು.

ಹೊರಗೆ ಬಂದ ಮೇಲೆ ನಾನು ಹೋಗುವುದಿಲ್ಲ ಎಂದೆ. ಆ ಕೋಣೆಯನ್ನು ಸರ್ ತಮ್ಮ ಕೈಯಿಂದ ಕಟ್ಟಿದ್ದರು. ಬೆಂಚುಗಳನ್ನು ರಜೆಯ ದಿನ ಬಂದು ತಾವೇ ಬೆಸುಗೆ ಹಾಕಿದ್ದರು. ಅದು ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಅವರು ಸಂದರ್ಶನಕ್ಕೆ ಒಯ್ಯಲು ಒಂದು ಲಕೋಟೆ ಕೊಟ್ಟರು. ಅಂಟು ಹಾಕಿತ್ತು.

"ನಿಮ್ಮ ಕಾಕಿಗಿ ಮುಂದಿನ ವರ್ಷ ಅಂತ ಹೇಳ್ತೀ ಏನು?" ಎಂದಷ್ಟೇ ಕೇಳಿದರು.

ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಬಲೆಯ ಗಂಟನ್ನು ಬಸ್ಸಿನ ಮೇಲೆ ಹತ್ತಿಸಿಕೊಟ್ಟವರೂ ಅವರೇ. ಕಂಡಕ್ಟರ್ ಜೊತೆ ಗಂಟಿನ ವಿಷಯಕ್ಕೆ ಜಗಳವಾಡಿದರು, ನನಗೆ ಟಾಟಾ ಮಾಡಲಿಲ್ಲ.

ಹುಬ್ಬಳ್ಳಿಯಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬರು ಲಕೋಟೆ ಒಡೆದು ಶಿಫಾರಸು ಪತ್ರವನ್ನು ಗಟ್ಟಿಯಾಗಿ ಓದಿದರು. ನನ್ನ ಬಗ್ಗೆ ಒಂದೂ ಒಳ್ಳೆಯ ಮಾತಿರಲಿಲ್ಲ. ಬಲೆಯ ತಪ್ಪುಗಳಿದ್ದವು. ಕೆಳಗಿನ ಅಂಚು ಏಳುತ್ತದೆ. ನಮ್ಮ ಮೈದಾನದ ಗಟ್ಟಿ ಗರಸು ನೆಲದಲ್ಲೇ ಗೂಟ ಕಿತ್ತಿವೆ. ಕಪ್ಪು ಮಣ್ಣಿನ ಎರೆಹೊಲದಲ್ಲಿ ಬೇಸಿಗೆಗೆ ಬಿರುಕು, ಮಳೆಗೆ ಕೆಸರು, ಎರಡರಲ್ಲೂ ಹಿಡಿಯುವುದೇ ಇಲ್ಲ. ಇವಳನ್ನು ಬಲ್ಲ ಕುರಿಗಳ ಮೇಲೆ ಮಾತ್ರ ಪರೀಕ್ಷೆಯಾಗಿದೆ. ಕೊನೆಗೆ ಹೀಗಿತ್ತು: "ಇವಳು ನನ್ನ ವಿದ್ಯಾರ್ಥಿನಿ. ಆದ್ದರಿಂದ ಇವಳ ಬಗ್ಗೆ ನನ್ನ ಅಭಿಪ್ರಾಯವನ್ನು ತಾವು ನಂಬಬಾರದು."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಆ ನಾಲ್ವರು ಮುಂದಿನ ಒಂದು ತಾಸು ನನ್ನ ಜೊತೆ ಆ ತಪ್ಪುಗಳ ಬಗ್ಗೆಯೇ ಮಾತಾಡಿದರು. ನಾನೂ ನಾಚಿಕೆ ಬಿಟ್ಟು ಮಾತಾಡಿದೆ. ವಾರದೊಳಗೆ ಆಯ್ಕೆಯ ಕಾಗದ ಬಂತು.

ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಹೊನ್ನಾವರ ಕಡೆಯ ಒಬ್ಬ ಹುಡುಗಿ ಇದ್ದಳು. ಮೀನುಗಾರರ ಮನೆಯವಳು, ಹರಿದ ಬಲೆಗಳನ್ನು ಮತ್ತೆ ಬಳಕೆಗೆ ತರುವ ಕೆಲಸ ಅವಳದು. ಕುರಿಯನ್ನು ಅವಳು ಹತ್ತಿರದಿಂದ ನೋಡಿದ್ದೇ ಇಲ್ಲ. ಮೊದಲ ದಿನವೇ ನನ್ನ ಬಲೆಯನ್ನು ನೋಡಿ, "ಇದಕ್ಕೆ ಕಾಲಲ್ಲಿ ಭಾರ ಯಾಕಿಲ್ಲ?" ಎಂದು ಕೇಳಿದಳು. ಬಲೆಗೆ ಭಾರ ಯಾಕೆ ಎಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಸಮುದ್ರದ ಬಲೆಯ ಕೆಳಗಿನ ಹಗ್ಗದ ಉದ್ದಕ್ಕೂ ಸೀಸದ ಗುಂಡು ಕಟ್ಟುತ್ತಾರೆ, ಇಲ್ಲದಿದ್ದರೆ ಮೀನು ಕೆಳಗಿನಿಂದ ಹೋಗುತ್ತದೆ. ಅವರ ಕಡೆ ಸಣ್ಣ ಮಗುವಿಗೂ ಗೊತ್ತಿರುವ ವಿಷಯ. ನಮ್ಮ ಮೂರು ತಾಲೂಕಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸೀಸ ಹೊತ್ತು ತಿರುಗಲು ಕುರಿಯವರಿಗೆ ಆಗುವುದಿಲ್ಲ ಎಂದು ನಾನು ಜಗಳಕ್ಕೆ ನಿಂತೆ. ಜಗಳವಾಡುತ್ತಲೇ ದಾರಿ ಸಿಕ್ಕಿತು. ಬಲೆಯ ಕೆಳ ಅಂಚಿಗೆ ಉದ್ದನೆಯ ಬಟ್ಟೆಯ ಚೀಲ ಹೊಲಿದೆವು. ಹೋದ ಹೊಲದ ಮಣ್ಣನ್ನೇ ಅದಕ್ಕೆ ತುಂಬುವುದು, ಬಿಡುವಾಗ ಅಲ್ಲೇ ಸುರಿದು ಹೋಗುವುದು. ಗೂಟವೇ ಬೇಡ. ಬಲೆ ನೆಲದ ಏರುತಗ್ಗಿಗೆ ತಕ್ಕಂತೆ ಕೂತುಕೊಂಡಿತು.

ಆರು ತಿಂಗಳ ಮೇಲೆ ಅದನ್ನು ತೋರಿಸಲು ಓಡಿ ಕಾಲೇಜಿಗೆ ಹೋದರೆ ಕೇಂದ್ರದ ಬಾಗಿಲಿಗೆ ಬೇರೆ ಬೀಗ. ಕಿಟಕಿಯಲ್ಲಿ ಇಣುಕಿದೆ. ಸರ್ ಬೆಸುಗೆ ಹಾಕಿದ ಬೆಂಚಿನ ಮೇಲೆ ಬ್ಯಾಟುಗಳು ಮಲಗಿದ್ದವು. ಸಮಿತಿ ಬಂದ ದಿನ ಸರ್ ಖಾಲಿ ಟೇಬಲ್ಲಿನ ಹಿಂದೆ ಕೈ ಕಟ್ಟಿ ನಿಂತಿದ್ದರಂತೆ. ಎಲ್ಲಿ ನಿಮ್ಮ ಸ್ಟಾರ್ಟಪ್ ಎಂದು ಕೇಳಿದ್ದಕ್ಕೆ "ಹುಬ್ಬಳ್ಳಿಗಿ ಹೋಗ್ಯಾಳ್ರಿ" ಎಂದರಂತೆ. ವಾರದೊಳಗೆ ಬೀಗದ ಕೈ ವಾಪಸ್ ಪಡೆದರಂತೆ. ಇದನ್ನೆಲ್ಲ ಹೇಳಿದ್ದು ಅಟೆಂಡರ್. ಸರ್ ಆರು ತಿಂಗಳಲ್ಲಿ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದರು, ಇದರ ಬಗ್ಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ವರ್ಕ್‌ಶಾಪಿಗೆ ಹೋಗಿ, ಹೀಗ್ಯಾಕೆ ಮಾಡಿದಿರಿ ಎಂದು ಕೇಳಿದೆ. ಲೇತ್ ನಿಲ್ಲಿಸದೆ ಅಂದರು, "ಬ್ಯಾಟಿಗೂ ಜಾಗಾ ಬೇಕಲ್ಲ. ಅದ್ಹೋಗ್ಲಿ, ಬಲಿ ಏನಾತು ಹೇಳು."

ಬಲೆಯ ವಿಷಯ ಕೇಳಿದರು, ನೋಡಲು ಮಾತ್ರ ಬರಲಿಲ್ಲ. ಆಮೇಲೆ ಎಷ್ಟು ಸಲ ಕರೆದರೂ, "ನಿನ್ನ ಕುರಿ, ನಿನ್ನ ಹೊಲ. ನಾ ಬಂದು ಏನ್ ಮಾಡ್ಲಿ" ಎನ್ನುವುದು. ಯಾದಗಿರಿಯಲ್ಲಿ ಸಣ್ಣ ಶೆಡ್ಡು ಹಾಕಿದೆ, ಹೊನ್ನಾವರದ ಗೆಳತಿ ಪಾಲುದಾರಳಾದಳು, ಬಲೆ ಮಾರಾಟವಾಗತೊಡಗಿತು. ಮೊದಲ ಬಲೆ ಕಾಕಿಗೆ. ಆಕೆ ಏಳು ಮರಿಗಳ ಮಾತನ್ನು ಕ್ರಮೇಣ ಕಡಿಮೆ ಮಾಡಿದಳು. ಇಷ್ಟಾದರೂ ಸರ್ ಬಾಯಿಂದ ಛಲೋ ಎಂಬ ಒಂದು ಶಬ್ದ ಬರಲಿಲ್ಲ. ಅದು ನನಗೆ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ.

ಹಾಗಾಗಿ ಬೀಳ್ಕೊಡುಗೆಯಲ್ಲಿ ಮಾತಾಡಲು ನಾನು ಕರೆದೊಯ್ದದ್ದು ಆ ಗೆಳತಿಯನ್ನೇ. ಸರ್ ಅವರನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ, ಆ ಷರತ್ತಿಗೆ ಅವಳೊಬ್ಬಳೇ ಒದಗುವವಳು. ಎರಡೇ ನಿಮಿಷ ಮಾತಾಡಿದಳು. "ನಮ್ಮ ಕಾಲೇಜಿನವರು ನನಗೂ ಶಿಫಾರಸು ಪತ್ರ ಕೊಟ್ಟಿದ್ದರು. ನಾನು ತುಂಬಾ ಪ್ರತಿಭಾವಂತೆ ಅಂತ ಅದರಲ್ಲಿತ್ತು. ಅದನ್ನು ಓದಿದವರಿಗೆ ನನ್ನನ್ನು ಕೇಳಲಿಕ್ಕೆ ಏನೂ ಇರಲಿಲ್ಲ. ಇವಳ ಪತ್ರ ಓದಿದವರು ಒಂದು ತಾಸು ಇವಳನ್ನು ಬಿಡಲಿಲ್ಲ. ಅಂಥ ಪತ್ರ ನನಗೆ ಯಾರೂ ಬರೆದುಕೊಡಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆಕಿಚ್ಚಿದೆ" ಎಂದು ಕೂತಳು. ಸರ್ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು.

ಸಾಮಾನು, ಹಾರ, ಫಲಕಗಳ ಜೊತೆ ಅವರನ್ನು ನನ್ನ ಗಾಡಿಯಲ್ಲೇ ಸುರಪುರಕ್ಕೆ ಬಿಡಲು ಗೆಳತಿಯೂ ನಾನೂ ಹೊರಟೆವು. ಮಧ್ಯಾಹ್ನದ ಹೊತ್ತು. ಅರ್ಧ ದಾರಿಯಲ್ಲಿ ರಸ್ತೆ ಪಕ್ಕದ ಎರೆಹೊಲದಲ್ಲಿ ನಮ್ಮ ಬಲೆ ಕಂಡಿತು. ಒಳಗೆ ಬರೀ ಮರಿಗಳು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಹತ್ತಿರ ಒಬ್ಬಳೇ ಹೆಂಗಸು ಕೂತಿದ್ದಳು. ಸರ್ ಗಾಡಿ ನಿಲ್ಲಿಸಲು ಹೇಳಿದರು.

"ಯಾರಕಿ? ಗುರ್ತದ ಏನು?"

"ಇಲ್ರಿ. ಖರೇನೇ ಗೊತ್ತಿಲ್ಲ."

ಇಳಿದು ಅವಳ ಹತ್ತಿರ ಹೋದರು. ನೀನು ಯಾರೆಂದು ಹೇಳಬೇಡ ಎಂದು ನನಗೆ ಕೈಯಲ್ಲೇ ಸನ್ನೆ.

"ಬಲಿ ಹ್ಯಾಂಗದವಾ?"

"ಮ್ಯಾಲಿನ ಹಗ್ಗ ಕೈ ಕೊಯ್ತದ್ರಿ. ಮಾಡಿದವ್ರು ಒಮ್ಮೆರ ಕೈಯಾಗ ಹಿಡದು ಜಗ್ಗಿಲ್ಲ, ಕಾಣ್ತದ" ಎಂದಳು. ನಾನು ನೆಲ ನೋಡಿದೆ.

"ಯಾರು ಕಟ್ಟಿದ್ರು?"

"ಯಾರದಾರ್ರಿ, ನಾನೇ."

ಸರ್ ಜೇಬಿನ ಹತ್ತಿ ತೆಗೆದು, ಬಲೆಯ ಕೆಳ ಅಂಚಿನುದ್ದಕ್ಕೂ ಎಳೆಯುತ್ತ ನಾಲ್ಕು ಹೆಜ್ಜೆ ನಡೆದರು. ಆಮೇಲೆ ರಸ್ತೆಯಾಚೆಯ ಚಹಾ ಅಂಗಡಿ ತೋರಿಸಿದರು.

"ಬಾರವಾ, ಚಹಾ ಕುಡ್ಯೂಣು."

ಆಕೆ ಸೆರಗು ಕೊಡವಿ ಎದ್ದಳು.

"ಮರಿ ಬಿಟ್ಟು ಬರ್ತಿ?" ಎಂದರು ಸರ್.

"ಬಲಿ ಅದಲ್ರಿ."

ನಾಲ್ವರೂ ಅಂಗಡಿಯ ಹಲಗೆಯ ಮೇಲೆ ಕೂತೆವು. ಆಕೆ ಹೊಲಕ್ಕೆ ಬೆನ್ನು ಹಾಕಿಯೇ ಕೂತಳು, ತನ್ನ ಮಗಳ ಮದುವೆ ವಿಷಯ ಹೇಳುತ್ತ ನಿಧಾನವಾಗಿ ಚಹಾ ಕುಡಿದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಮರಿಗಳನ್ನೇ ನೋಡುತ್ತಿದ್ದೆ, ಒಂದೂ ಹೊರಗೆ ಬರಲಿಲ್ಲ. ಸರ್ ಕಪ್ಪು ಖಾಲಿಯಾಯಿತು. ಅವರು ಏಳುತ್ತಾರೆ ಎಂದು ನಾನು ನನ್ನ ಅರ್ಧ ಕಪ್ಪನ್ನು ಕೆಳಗಿಟ್ಟೆ.

ಅವರು ಏಳಲಿಲ್ಲ. ಖಾಲಿ ಕಪ್ಪನ್ನು ಅಂಗಡಿಯವನ ಕಡೆ ಚಾಚಿ, ನನ್ನನ್ನು ನೋಡದೆಯೇ ಅಂದರು.

"ಇನ್ನೊಂದ್ ಕಪ್ ಹಾಕಪ್ಪಾ."